ಕಬ್ಬಿಣ: ಇಲ್ಲ

ಹದಿನಾಲ್ಕು ತಿಂಗಳಿಂದ ದಾಕ್ಷಾಯಣಿ ದಿನಕ್ಕೆ ಮೂರು ಸಲ ಒಂದೇ ಮಾತು ಬರೆಯುತ್ತಿದ್ದಳು. ಕಬ್ಬಿಣ: ಇಲ್ಲ. ಅದರ ಕೆಳಗೆ ಸಹಿ.

ಘಟಪ್ರಭೆಯ ದಂಡೆಯ ಆ ಊರಿನ ಕಾರ್ಖಾನೆಯಲ್ಲಿ ನಿಂಬೆ ಉಪ್ಪು ತಯಾರಾಗುತ್ತಿತ್ತು. ಚೀಲದ ಮೇಲೆ ಸಿಟ್ರಿಕ್ ಆಮ್ಲವೆಂದು ಅಚ್ಚಾಗಿದ್ದರೂ ಊರವರ ಬಾಯಲ್ಲಿ ಅದು ಲಿಂಬಿ ಉಪ್ಪೇ. ಅದರಲ್ಲಿ ನಿಂಬೆಯೂ ಇಲ್ಲ, ಉಪ್ಪೂ ಇಲ್ಲ ಎಂಬುದು ಒಳಗೆ ಕೆಲಸ ಮಾಡುವವರಿಗಷ್ಟೇ ಗೊತ್ತು. ಸಕ್ಕರೆ ಕಾರ್ಖಾನೆಯಿಂದ ಬಂದ ಕಾಕಂಬಿಯನ್ನು ಮೂರಂತಸ್ತು ಎತ್ತರದ ಉಕ್ಕಿನ ತೊಟ್ಟಿಗಳಲ್ಲಿ ತುಂಬಿ, ಅದರೊಳಗೆ ಕರಿಯ ಬೂಷ್ಟನ್ನು ಬೆಳೆಸುತ್ತಾರೆ. ಈರುಳ್ಳಿಯ ಸಿಪ್ಪೆಯೊಳಗೆ ಮಸಿಯಂತೆ ಹಬ್ಬಿರುತ್ತದಲ್ಲ, ಅದರದೇ ಜಾತಿ. ಸಕ್ಕರೆ ತಿಂದು ಅದು ಹುಳಿ ಬಿಡುತ್ತದೆ. ಆ ಹುಳಿಯನ್ನು ಸೋಸಿ, ತೊಳೆದು, ಹರಳುಗಟ್ಟಿಸಿದರೆ ಬಿಳಿಯ ಪುಡಿ. ನೂರು ವರ್ಷದಿಂದ ಜಗತ್ತು ಇದನ್ನು ತಿಂದು ಅರಗಿಸಿಕೊಂಡಿದೆ. ಮನುಷ್ಯನ ಮೈಯ ಜೀವಕೋಶಗಳು ಕೂಡ ದಿನವಿಡೀ ಇದೇ ಹುಳಿಯನ್ನು ತಾವೇ ಮಾಡಿಕೊಂಡು ತಾವೇ ಬಳಸುತ್ತವೆ. ಹುಳಿಯ ಬಗ್ಗೆ ದಾಕ್ಷಾಯಣಿಗೆ ಯಾವ ಹೆದರಿಕೆಯೂ ಇರಲಿಲ್ಲ.

ಹೆದರಿಕೆ ಇದ್ದುದು ಆ 'ಇಲ್ಲ' ಎಂಬ ಮಾತಿನ ಬಗ್ಗೆ. ಹನ್ನೆರಡು ವರ್ಷ ಪ್ರಯೋಗಾಲಯದಲ್ಲಿ ಕೂತವಳಿಗೆ, ಏನೂ ಇಲ್ಲವೆಂಬುದು ಸಹಜವಲ್ಲ ಎಂದು ಗೊತ್ತಿತ್ತು. ಹೊಳೆಯ ನೀರಿನಲ್ಲಿ ಕಬ್ಬಿಣವಿದೆ. ಕೊಳವೆಯ ತುಕ್ಕಿನಲ್ಲಿದೆ. ಗಾಳಿಯ ಧೂಳಿನಲ್ಲಿದೆ. ಮೊದಲೆಲ್ಲ ಹತ್ತು ಲಕ್ಷಕ್ಕೆ ಮೂರು ಪಾಲು, ನಾಲ್ಕು ಪಾಲು ಎಂದು ಬರೆಯುತ್ತಿದ್ದಳು. ಬೂಷ್ಟಿನ ಹನ್ನೊಂದನೇ ತಳಿ ಬಂದಂದಿನಿಂದ ಸೊನ್ನೆ.

ಬೂಷ್ಟಿಗೆ ಒಂದು ಸ್ವಭಾವವಿದೆ. ಕಬ್ಬಿಣ ಸಿಕ್ಕರೆ ಮೆಂದ ಎಮ್ಮೆಯಂತೆ ಮಲಗಿಬಿಡುತ್ತದೆ, ಕಬ್ಬಿಣಕ್ಕಾಗಿ ಹಸಿದಾಗ ಮಾತ್ರ ಹುಳಿ ಸುರಿಸುತ್ತದೆ. ಕಾಕಂಬಿಯಿಂದ ಕಬ್ಬಿಣ ತೆಗೆಯುವುದೇ ಹಿಂದೆ ಅರ್ಧ ಕೆಲಸವಾಗಿತ್ತು. ಹನ್ನೊಂದನೇ ತಳಿ ಕಂಪ್ಯೂಟರು ಹೆಣೆದದ್ದು. ಅದು ತಾನೇ ಒಂದು ಸಣ್ಣ ಕೊಂಡಿಯನ್ನು ತಯಾರಿಸಿ ಹೊರಬಿಡುತ್ತದೆ. ಆ ಕೊಂಡಿ ಕಬ್ಬಿಣದ ಕಣವನ್ನು ಹಿಡಿದು, ಕರಗದ ಹರಳಾಗಿ ಮಡಚಿ ಕೆಳಗೆ ಬೀಳಿಸಿ, ಮತ್ತೊಂದಕ್ಕೆ ಬಾಯಿ ತೆರೆಯುತ್ತದೆ. ಹೀಗೆ ಬೂಷ್ಟು ಸದಾ ಹಸಿದೇ ಇರುತ್ತದೆ. ಇಳುವರಿ ಒಂದೂವರೆ ಪಟ್ಟಾಯಿತು.

"ಮೇಡಮ್ಮಾರ, ಕಬ್ಬಿಣ ಐತೇನ್ರಿ?" ಎಂದು ವ್ಯವಸ್ಥಾಪಕ ಗಲಗಲಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

"ಇಲ್ಲ ಸರ್."

"ಹಂಗಾದ್ರ ಲಾರಿ ಬಿಡ್ರಿ."

ಹನ್ನೊಂದು ರಾಜ್ಯಗಳಿಗೆ ಲಾರಿಗಳು ಹೋಗುತ್ತಿದ್ದವು.

*

ಮನೆಯಲ್ಲಿ ನಾದಿನಿ ಭುವನಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಪ್ರತಿ ಗುರುವಾರ ಆಶಾ ಕಾರ್ಯಕರ್ತೆ ಮಾದೇವಕ್ಕ ಬಂದು ಅವಳ ಉಗುರಿಗೆ ಒಂದು ಚಿಮಟ ಸಿಕ್ಕಿಸುತ್ತಿದ್ದಳು. ಈಗ ಸೂಜಿ ಚುಚ್ಚುವ ಕಾಲ ಹೋಗಿದೆ. ಉಗುರಿನ ಮೂಲಕ ಬೆಳಕು ಹಾಯಿಸಿ, ರಕ್ತದಲ್ಲಿ ಎಷ್ಟು ಕೆಂಪಿದೆಯೆಂದು, ಅಂದರೆ ಹಿಮೋಗ್ಲೋಬಿನ್ ಎಷ್ಟೆಂದು, ಚಿಮಟವೇ ಹೇಳುತ್ತದೆ. ಬಸುರಿಗೆ ಹನ್ನೊಂದಾದರೂ ಇರಬೇಕು.

"ಎಲ್ಲಿ, ಬೆರಳ ಕೊಡು ತಂಗಿ."

ಭುವನಾ ಬೆರಳು ಕೊಟ್ಟು, ಇನ್ನೊಂದು ಕೈಯಲ್ಲಿದ್ದ ಲೋಟವನ್ನು ಮುಗಿಸಿ ಮುಖ ಕಿವುಚಿದಳು. "ವೈನಿ, ನಿಮ್ಮ ಪಾನಕ ಕುಡದ ಕುಡದ ಹಲ್ಲ ಜುಮ್ ಅನ್ನಾಕತ್ತಾವು. ಕೂಸು ಹುಟ್ಟಿದ ಕೂಡ್ಲೆ ಕಣ್ಣ ಹೊಡೀತೈತಿ ನೋಡ್ರಿ, ಹುಳಿ ತಿಂದವರಂಗ."

"ಹೊಡೀಲಿ ಬಿಡು. ಅವರಪ್ಪನೂ ಲಗ್ನದಾಗ ಹಂಗ ಹೊಡೀತಿದ್ದ," ಎಂದಳು ಅತ್ತೆ ಗೌರವ್ವ, ಒಳಗಿನಿಂದಲೇ.

ಆ ಪಾನಕ ದಾಕ್ಷಾಯಣಿಯದೇ ಸಲಹೆ. ಕಬ್ಬಿಣದ ಗುಳಿಗೆಯನ್ನು ಹುಳಿಯ ಜೊತೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆಂದು ವೈದ್ಯರು ಹೇಳುತ್ತಾರೆ. ಅದು ನಿಜ. ಕಳೆದ ಬೇಸಿಗೆಯಲ್ಲಿ ನಿಂಬೆಹಣ್ಣು ಸಿಗದಾಗ, ನಮ್ಮದೇ ಕಾರ್ಖಾನೆಯ ನಿಂಬೆ ಉಪ್ಪು ಇದೆಯಲ್ಲ, ಚಿಟಿಕೆ ಹಾಕಿ ಸಕ್ಕರೆ ನೀರು ಮಾಡಿಕೊಡಿ ಎಂದು ಆರೋಗ್ಯ ಕೇಂದ್ರದ ಸಭೆಯಲ್ಲಿ ಹೇಳಿದವಳು ಅವಳು. ಗಲಗಲಿ ಉಚಿತವಾಗಿ ಪೊಟ್ಟಣ ಕಟ್ಟಿಸಿದರು. ಇಡೀ ತಾಲ್ಲೂಕಿನ ಬಸುರಿಯರು ಕುಡಿಯತೊಡಗಿದರು. ಪತ್ರಿಕೆಯಲ್ಲಿ ಅವಳ ಫೋಟೊ ಕೂಡ ಬಂದಿತ್ತು.

ಚಿಮಟ ಕಿಣಿ ಎಂದಿತು. ಮಾದೇವಕ್ಕ ಅದನ್ನು ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿದಳು.

"ಏಳು ಒಂದು," ಎಂದಳು ಮೆಲ್ಲಗೆ. "ಹೋದ ವಾರ ಏಳು ಎಂಟಿತ್ತು."

"ಗುಳಿಗಿ ಬಿಟ್ಟಿಲ್ಲಲ್ಲ ನೀನು?" ದಾಕ್ಷಾಯಣಿ ಭುವನಾಳನ್ನು ಕೇಳಿದಳು.

"ದೇವರಾಣಿ ಬಿಟ್ಟಿಲ್ಲ. ಅವ್ವನ ದಿನಾ ಎರಡ ಹೊತ್ತು ಪಾನಕಾ ಕಲಸಿಕೊಂಡು ತಲಿ ಮ್ಯಾಲ ನಿಂದರ್ತಾಳ."

ಬಾಗಿಲಾಚೆ ಚಪ್ಪಲಿ ಮೆಟ್ಟುವಾಗ ಮಾದೇವಕ್ಕ ದನಿ ತಗ್ಗಿಸಿದಳು. "ಬಾಯಾರ, ಇಕಿ ಒಬ್ಬಾಕಿ ಅಲ್ರಿ. ನನ್ನ ಕಡೆ ಇಪ್ಪತ್ತಾರ ಮಂದಿ ಬಸರ್ಯಾರ ಅದಾರ. ಗುಳಿಗಿ ನುಂಗತಾರ, ನಂಬರ ಇಳೀತೈತಿ. ಚಿಮಟಾನ ಕೆಟ್ಟೈತಿ ಅಂತ ಹೇಳಿದೆ, ಹೊಸಾದು ಕೊಟ್ರು. ಹೊಸಾದೂ ಹಿಂಗ ಹೇಳ್ತೈತಿ."

"ಇಪ್ಪತ್ತಾರೂ ಮಂದಿಗೆ?"

"ಬಸದಿ ಓಣ್ಯಾಗಿನ ಮೂರ ಮಂದಿ ಅಷ್ಟ ಗಟ್ಟಿ ಅದಾರ. ಹನ್ನೊಂದರ ಮ್ಯಾಲ."

"ಅವರೇನ ತಿಂತಾರ?"

"ಏನ ತಿಂತಾರ, ನಮ್ಮಂಗ ರೊಟ್ಟಿ, ಬ್ಯಾಳಿ. ಉಳ್ಳಾಗಡ್ಡಿ ಸೈತ ಇಲ್ಲ." ಮಾದೇವಕ್ಕ ನಕ್ಕಳು. "ಪಾನಕದ ಪುಡಿ ಮಾತ್ರ ಒಲ್ಲೆ ಅಂದ್ರು. ಅದು ಬೂಷ್ಟಿಂದು, ತಿಂದ್ರ ಜೀವಹಿಂಸಾ ಅಂತ ಆ ಓಣಿ ಜಿನ್ನಪ್ಪ ನನಗ ತಾಸಗಟ್ಲೆ ಹೇಳಿದ. ಅಂಗಡ್ಯಾಗ ಡಬ್ಬಿ ತಿರಿವಿ ನೋಡ್ತಾರಂತ. ಮುನ್ನೂರ ಮೂವತ್ತು ಅಂತ ನಂಬರ ಇದ್ರ ಅಲ್ಲೇ ಇಟ್ಟ ಬರ್ತಾರಂತ."

"ಇನ್ನ ಗಾಳಿ ಸೋಸಿ ಕುಡಿಯೂದೊಂದ ಬಾಕಿ," ಎಂದು ಗೌರವ್ವ ಒಳಗಿನಿಂದ ನಕ್ಕಳು.

ದಾಕ್ಷಾಯಣಿ ನಗಲಿಲ್ಲ. ಮುನ್ನೂರ ಮೂವತ್ತು ಎಂದರೆ ಆಹಾರದ ಡಬ್ಬಿಗಳ ಮೇಲೆ ಸಿಟ್ರಿಕ್ ಆಮ್ಲಕ್ಕಿರುವ ಸಂಖ್ಯೆ.

*

ಮರುದಿನ ಮಧ್ಯಾಹ್ನ ಸಹಾಯಕಿಯರು ಊಟಕ್ಕೆ ಹೋದಾಗ ಅವಳು ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡಳು.

ಕಬ್ಬಿಣದ ಪರೀಕ್ಷೆ ಸರಳ. ಪುಡಿಯನ್ನು ನೀರಲ್ಲಿ ಕರಗಿಸಿ, ಕೊಳೆತ ಮೊಟ್ಟೆಯ ವಾಸನೆಯ ಒಂದು ದ್ರವ ಹಾಕಬೇಕು. ಕಬ್ಬಿಣವಿದ್ದರೆ ನೇರಳೆ ಬಣ್ಣ ಏರುತ್ತದೆ. ಹದಿನಾಲ್ಕು ತಿಂಗಳಲ್ಲಿ ಬಣ್ಣ ಏರಿಲ್ಲ, ಆದ್ದರಿಂದ ಕಬ್ಬಿಣವಿಲ್ಲ. ಆದರೆ ಬಣ್ಣ ಏರದಿರಲು ಇನ್ನೊಂದು ಕಾರಣವೂ ಇರಬಹುದು. ಅದನ್ನು ತಿಳಿಯಬೇಕಾದರೆ ಬೇಕೆಂದೇ ಕಬ್ಬಿಣ ಬೆರೆಸಿ ನೋಡಬೇಕು. ಯಾರೂ ನೋಡಿರಲಿಲ್ಲ. ಫಲಿತಾಂಶ ಕೆಟ್ಟದ್ದು ಬಂದಾಗ ಜನ ಹತ್ತು ಸಲ ಪರೀಕ್ಷೆ ಮಾಡುತ್ತಾರೆ, ಒಳ್ಳೆಯದು ಬಂದರೆ ಸಹಿ ಮಾಡುತ್ತಾರೆ. ಅವಳೂ ಮಾಡಿದ್ದಳು.

ಕಪಾಟಿನಲ್ಲಿ ಪ್ರತಿ ತಯಾರಿಕೆಯ ಮಾದರಿಯನ್ನು ಮೂರು ವರ್ಷ ಕಾದಿಡುವ ಪದ್ಧತಿಯಿತ್ತು. ಹಳೆಯ ತಳಿಯ ಒಂದು ಪೊಟ್ಟಣ, ಹೊಸದರ ಒಂದು ಪೊಟ್ಟಣ ತೆಗೆದಳು. ಎರಡು ಗಾಜಿನ ನಳಿಗೆಗಳಲ್ಲಿ ಕರಗಿಸಿ, ಎರಡಕ್ಕೂ ಆ ನಾರುವ ದ್ರವ ಹಾಕಿದಳು. ಹಳೆಯದಕ್ಕೆ ಒಂದು ಹನಿ ಕಬ್ಬಿಣದ ದ್ರಾವಣ ಬಿಟ್ಟಳು. ನೇರಳೆ ಹಣ್ಣು ಹಿಸುಕಿದಂತೆ ಬಣ್ಣ ಹರಡಿತು.

ಹೊಸದಕ್ಕೆ ಒಂದು ಹನಿ. ನೀರು ನೀರಾಗಿಯೇ ಉಳಿಯಿತು.

ಎರಡನೆಯ ಹನಿ. ಐದು. ಹತ್ತು. ದ್ರಾವಣ ಹಳೆಯದಾಯಿತೇನೋ ಎಂದು ಹೊಸ ಸೀಸೆ ಒಡೆದಳು. ಇಪ್ಪತ್ತು. ಮೂವತ್ತು. ಬಿಟ್ಟ ಹನಿ ಕೆಳಗಿಳಿಯುವುದು ಕಾಣುತ್ತಿತ್ತು, ಒಂದು ಗಳಿಗೆ ಹೊಗೆಯಂತೆ ಸುಳಿದು ಇಲ್ಲವಾಗುತ್ತಿತ್ತು. ನಲವತ್ತು ಹನಿಗೆ ಕೈ ಸೋತು ನಿಲ್ಲಿಸಿದಳು. ನಳಿಗೆಯನ್ನು ಬೆಳಕಿಗೆ ಹಿಡಿದರೆ ಮೇಲೆ ತಿಳಿನೀರು. ತಳದಲ್ಲಿ ಮಾತ್ರ ಕಂದು ಧೂಳು ಕೂತಿತ್ತು, ಅಲುಗಾಡಿಸಿದರೂ ಕರಗದ ಧೂಳು.

ಕೊಂಡಿ ತೊಟ್ಟಿಯಲ್ಲಿ ಉಳಿದಿರಲಿಲ್ಲ. ಸೋಸುವಾಗ, ತೊಳೆಯುವಾಗ, ಹರಳಾಗುವಾಗ ಹುಳಿಯ ಬೆನ್ನು ಹತ್ತಿ ಬಂದಿತ್ತು. ಪ್ರಮಾಣ ತೂಕಕ್ಕೆ ಸಿಗದಷ್ಟು ಕಡಿಮೆ. ಆದರೆ ಒಂದು ಕೊಂಡಿ ಒಂದೇ ಕೆಲಸ ಮಾಡಿ ಮುಗಿಯುವುದಿಲ್ಲ. ಅವಳು ನೋಡನೋಡುತ್ತಿದ್ದಂತೆ ನಲವತ್ತು ಹನಿ ಮಡಚಿಟ್ಟಿತ್ತು, ಇನ್ನೂ ಬಾಯಿ ತೆರೆದಿತ್ತು.

ಭುವನಾ ನುಂಗಿದ ಒಂದೊಂದು ಗುಳಿಗೆಯೂ ಹೀಗೇ ಹೊಟ್ಟೆಯಲ್ಲಿ ಧೂಳಾಗಿತ್ತು. ಗುಳಿಗೆಯ ಜೊತೆಗೇ ಅದನ್ನು ಕುಡಿಸಿದ್ದರು.

*

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಪರದೆಗಳು. ಎಂಟು ತೊಟ್ಟಿಗಳ ಬಿಸಿ, ಗಾಳಿ, ಹುಳಿ. ಎಲ್ಲ ಹಸಿರು. ಗಲಗಲಿ ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟವರಲ್ಲ. ನಳಿಗೆಯನ್ನು ತಿರುವಿ ಎರಡು ಸಲ ನೋಡಿದರು.

"ಮೇಡಮ್ಮಾರ, ಪರೀಕ್ಷೆ ಪಟ್ಟ್ಯಾಗ ಏನ ಬರದಾರ? ಕಬ್ಬಿಣ ಎಷ್ಟೈತಿ ಅಂತ. ಕಬ್ಬಿಣಾ ತಿಂತೈತೇನು ಅಂತ ಯಾರೂ ಕೇಳಿಲ್ಲ."

"ನಾವು ಕೇಳಬೇಕಿತ್ತು ಸರ್."

"ಇಲಿಗೆ ತೊಂಬತ್ತ ದಿನಾ ತಿನ್ನಿಸಿ ನೋಡ್ಯಾರ. ಇಲಿ ದುಂಡಗಿದ್ವು."

"ಪ್ರಯೋಗದ ಇಲಿಯ ಆಹಾರದಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಕಬ್ಬಿಣ ಇರ್ತದ ಸರ್. ಅದಕ್ಕ ತಿಳಿಯೂದಿಲ್ಲ. ನಮ್ಮ ಹೆಣ್ಣಮಕ್ಕಳಿಗೆ ಮೊದಲ ಅರೆಬರೆ ಇರ್ತದ."

ಗಲಗಲಿ ಪರದೆಗಳ ಕಡೆ ತಿರುಗಿದರು. "ಹೊರಗಿನ ಪ್ರಯೋಗಾಲಯಕ್ಕ ಕಳಸೋಣು. ಆರ ವಾರ ಹಿಡೀತೈತಿ. ಅಲ್ಲೀ ತನಕಾ ನಿಮ್ಮದು ಅನುಮಾನ ಅಷ್ಟ. ನಾನೂರ ಮನೀ ಒಲಿ ಈ ತೊಟ್ಟಿ ಮ್ಯಾಲ ಹತ್ತತಾವು. ಬರೇ ಅನುಮಾನಕ್ಕ ಆ ಒಲಿಗೆ ನೀರ ಸುರವಲೇನು?"

ಅವಳು ಮಾತುಗಳನ್ನು ತೂಗಿ ಆಡುವವಳು. ಖಚಿತವಾಗದ್ದನ್ನು ಖಚಿತವೆಂದು ಯಾವತ್ತೂ ಹೇಳಿದವಳಲ್ಲ. ಆ ದಿನದ ವರದಿಯ ಕೊನೆಗೆ 'ಹೆಚ್ಚಿನ ಪರಿಶೀಲನೆ ಸೂಕ್ತ' ಎಂದು ಸೇರಿಸಿದಳು. ಸೇರಿಸಿ ಮನೆಗೆ ಬಂದಳು. ಲಾರಿ ಹೋಯಿತು.

ಮನೆಯಲ್ಲಿ ಪಾನಕದ ಪೊಟ್ಟಣಗಳನ್ನೆಲ್ಲ ಬಚ್ಚಲಿಗೆ ಸುರಿದಳು. "ಯಾಕವ್ವಾ, ಏನಾತು?" ಎಂದು ಗೌರವ್ವ ಕೇಳಿದರೆ, "ಹಳೇದಾಗಿತ್ತು ಅತ್ತಿ," ಎಂದಳು. ಆಮೇಲೆ ಕುರ್ಚಿ ಹಾಕಿಕೊಂಡು ಅಡುಗೆಮನೆಯ ಮಾಡದಿಂದ ಒಂದೊಂದೇ ಡಬ್ಬಿ ಇಳಿಸಿ ಓದಿದಳು. ಜಾಮ್, ಮುನ್ನೂರ ಮೂವತ್ತು. ಟೊಮೆಟೊ ಸಾಸ್, ಮುನ್ನೂರ ಮೂವತ್ತು. ತಂಪು ಪಾನೀಯದ ಬಾಟಲಿ, ಹುಣಸೆಯ ಪೇಸ್ಟು, ಭೇದಿಯಾದಾಗ ಕುಡಿಸುವ ಪುಡಿ. ಕೊನೆಗೆ ಭುವನಾಳ ತಲೆದಿಂಬಿನ ಪಕ್ಕ ಇಟ್ಟಿದ್ದ ಟಾನಿಕ್ಕು. ಕಬ್ಬಿಣದ ಟಾನಿಕ್ಕು. ಬಾಟಲಿಯ ಹಿಂಬದಿ, ಸಣ್ಣ ಅಕ್ಷರಗಳಲ್ಲಿ, ರುಚಿಗೆ ಮತ್ತು ಕೆಡದಿರಲು: ಸಿಟ್ರಿಕ್ ಆಮ್ಲ.

ಅವಳು ಬಾಟಲಿ ಹಿಡಿದುಕೊಂಡು ನಿಂತೇ ಇದ್ದಳು. ಭುವನಾ ಮಂಚದ ಮೇಲಿಂದ ಮಣ್ಣುಬಣ್ಣದ ತುಟಿಗಳಲ್ಲಿ ನಕ್ಕಳು. "ಅದನ್ನೂ ಕಸಗೋತೀರೇನ ವೈನಿ? ಅದೊಂದ ಸಿಹಿ ಇತ್ತು."

ಮುಂದಿನ ಗುರುವಾರ ಆರು ಎಂಟು. ಅದರ ಮುಂದಿನದು ಆರು ಐದು. ಎಲ್ಲ ನಿಲ್ಲಿಸಿದ ಮೇಲೂ ಇಳಿಯುತ್ತಲೇ ಇತ್ತು. ಒಳಹೊಕ್ಕ ಕೊಂಡಿಗೆ ಸವೆಯುವುದು ಗೊತ್ತಿರಲಿಲ್ಲ. ತಟ್ಟೆಯ ಸೊಪ್ಪು, ಬೆಲ್ಲ, ಕಡಲೆ ಎಲ್ಲದರಿಂದಲೂ ಅದು ತನ್ನ ಪಾಲು ಎತ್ತಿಕೊಳ್ಳುತ್ತಿತ್ತು.

*

ಎಂಟನೇ ತಿಂಗಳ ಮಧ್ಯದಲ್ಲಿ, ಒಂದು ಬೆಳಗ್ಗೆ, ಭುವನಾಳಿಗೆ ನೋವು ಕಾಣಿಸಿತು. ತಾಲ್ಲೂಕು ಆಸ್ಪತ್ರೆಯ ವೈದ್ಯೆ ತಸ್ನೀಮ್ ಹೊರಗೆ ಬಂದು ಮಾತು ಸುತ್ತಿಸಲಿಲ್ಲ. "ಆಪರೇಷನ್ ಮಾಡಬೇಕ್ರಿ. ಈ ರಕ್ತದಾಗ ಒಂದ ಲೋಟ ಹೋದ್ರೂ ಆಕಿ ತಡ್ಯಾಕಿಲ್ಲ. ಮೂರು ಬಾಟ್ಲಿ ಬೇಕು. ನಮ್ಮ ಫ್ರಿಜ್ಜು ಖಾಲಿ ಐತಿ. ಕೊಡೋರನ್ನ ಕರಸ್ರಿ."

ಭುವನಾಳ ಅಣ್ಣ, ಅಂದರೆ ದಾಕ್ಷಾಯಣಿಯ ಗಂಡ ಮಹಾಂತೇಶ, ಮೊದಲು ಬೆರಳು ಕೊಟ್ಟ. ರಕ್ತ ಕೊಡಲು ಹನ್ನೆರಡೂವರೆ ಇರಬೇಕು. ಅವನದು ಹತ್ತು ಆರು. ದಾಕ್ಷಾಯಣಿಯದು ಒಂಬತ್ತು. ಸುದ್ದಿ ತಿಳಿದು ಗಲಗಲಿ ಕಾರ್ಖಾನೆಯ ಜೀಪಿನಲ್ಲಿ, ಹಿಂದೊಂದು ಟೆಂಪೊದಲ್ಲಿ ನಲವತ್ತು ಜನರನ್ನು ಕರೆತಂದರು. ಚೀಲ ಹೊರುವ ಗಂಡಸರು, ಎದೆ ಸೆಟೆಸಿ ಸಾಲಾಗಿ ನಿಂತರು. ನರ್ಸು ಚಿಮಟ ಸಿಕ್ಕಿಸುತ್ತ ಬಂದಳು. ಒಂಬತ್ತು ಎಂಟು. ಹತ್ತು. ಹತ್ತು ಎರಡು. ಒಂಬತ್ತು.

"ಅಕ್ಕಾರ, ನಿಮ್ಮ ಚಿಮಟಾ ಬರೇ ಫೇಲ್ ಮಾಡ್ತೈತಲ್ರಿ, ನಮ್ಮ ಗಣಿತದ ಮಾಸ್ತರಂಗ," ಎಂದನೊಬ್ಬ. ನಾಲ್ಕೈದು ಜನ ನಕ್ಕರು. ಇಪ್ಪತ್ತನೆಯವನ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕೊನೆಗೆ ಗಲಗಲಿ ತಾವೇ ಬೆರಳು ಚಾಚಿದರು. ಒಂಬತ್ತು ನಾಲ್ಕು. ಅವರು ಆ ಸಂಖ್ಯೆಯನ್ನು ನೋಡುತ್ತಲೇ ನಿಂತರು.

ಮಾದೇವಕ್ಕ ಬಸದಿ ಓಣಿಗೆ ಹೋಗಿ ಜಿನ್ನಪ್ಪನನ್ನು ಕರೆತಂದಳು. ಐವತ್ತರ ಆಸುಪಾಸಿನ ತೆಳ್ಳಗಿನ ರೈತ. ಚಿಮಟ ಹದಿನಾಲ್ಕು ಎರಡು ಎಂದಿತು, ರಕ್ತದ ಗುಂಪೂ ಹೊಂದಿತು. ನರ್ಸು ಎರಡನೆಯ ಸಲ ನೋಡದೆ ಅವನನ್ನು ಒಳಗೆ ಕರೆದೊಯ್ದಳು. ಅವನು ತೋಳು ಒತ್ತಿಕೊಂಡು ಹೊರಬಂದಾಗ ಸಾಲಿನಲ್ಲಿದ್ದವನೊಬ್ಬ ಕೇಳಿದ, "ಜಿನ್ನಪ್ಪಣ್ಣ, ನೀ ಅಂಥಾದ್ದೇನ ಉಣ್ತಿಪಾ?"

"ಏನ ಉಣ್ತೀನಿ ಅಂತ ಕೇಳಬ್ಯಾಡ ತಮ್ಮಾ. ಏನ ಉಣ್ಣಂಗಿಲ್ಲ ಅಂತ ಕೇಳು."

ಬಾಗಿಲಲ್ಲಿ ನಿಂತಿದ್ದ ತಸ್ನೀಮ್ ತಿರುಗಿದರು. "ಏನ ಉಣ್ಣಂಗಿಲ್ಲ?"

ಜಿನ್ನಪ್ಪ ನೆಲ ನೋಡಿದ. ಅವನಿಗೆ ಹೇಳುವುದು ಕಷ್ಟವಾಗಿತ್ತು, ಏಕೆಂದರೆ ಎದುರಿಗೆ ನಿಂತ ನಲವತ್ತು ಜನರ ಅನ್ನ ಅದೇ ಆಗಿತ್ತು. ಗಲಗಲಿ ದಾಕ್ಷಾಯಣಿಯ ಕಡೆ ನೋಡಿದರು. ತಡೆಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ.

"ನಾವು ಮಾಡೋ ನಿಂಬೆ ಉಪ್ಪು," ಎಂದಳು ದಾಕ್ಷಾಯಣಿ. ಈ ಸಲ ಮಾತು ತೂಗಲಿಲ್ಲ. "ಅದರಾಗ ಕಬ್ಬಿಣ ತಿನ್ನೋದೊಂದು ಐತಿ. ಹುಳಿದಲ್ಲ ತಪ್ಪು, ಹೊಸ ತಳೀದು. ನನಗ ಮೂರ ವಾರದ ಹಿಂದ ಗೊತ್ತಾತು. ಗುಳಿಗಿ ಜೋಡಿ ಕುಡೀರಿ ಅಂತ ಊರಿಗೆಲ್ಲಾ ಹೇಳಿದಾಕಿ ನಾನ. ಗೊತ್ತಾದಮ್ಯಾಲೂ ಸುಮ್ಮನಿದ್ದಾಕಿ ನಾನ."

ಬೆಂಚಿನ ಮೇಲೆ ಕೂತಿದ್ದ ಗೌರವ್ವ ತನ್ನ ಎರಡು ಅಂಗೈಗಳನ್ನು ತಿರುವಿ ನೋಡಿಕೊಂಡಳು. "ನಾನ ಕಲಸಿ ಕೊಟ್ಟೆ," ಎಂದಳು. "ಒಲ್ಲೆ ಅಂದ್ರೂ ಬಿಡದ ಕುಡಿಸಿದೆ."

ಒಂದು ಗಂಟೆಯ ಮೇಲೆ ಒಳಗಿನಿಂದ ಕೂಸಿನ ಅಳು ಕೇಳಿಸಿತು, ಗಟ್ಟಿಯಾದ ಅಳು. ಹೊಟ್ಟೆಯಲ್ಲಿರುವ ಮಗು ತಾಯಿಯಿಂದ ತನಗೆ ಬೇಕಾದ ಕಬ್ಬಿಣವನ್ನು ಮೊದಲು ಎಳೆದುಕೊಳ್ಳುತ್ತದೆ, ತಾಯಿಗೆ ಇರಲಿ ಬಿಡಲಿ. ಜಿನ್ನಪ್ಪನ ಬಾಟಲಿ ಭುವನಾಳ ತೋಳಿಗೆ ಇಳಿಯುತ್ತಿತ್ತು. ಸಂಜೆಯೊಳಗೆ ಇನ್ನೆರಡು ಬೇಕು ಎಂದರು ತಸ್ನೀಮ್. ಪಕ್ಕದ ಜಿಲ್ಲೆಯ ರಕ್ತನಿಧಿಗೆ ಎಲ್ಲರೆದುರೇ ಫೋನ್ ಹಚ್ಚಿದರು. ಎರಡು ಮಾತು ಆಡುವಷ್ಟರಲ್ಲಿ ಸುಮ್ಮನಾಗಿ, ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದರು.

"ಏನಂದ್ರು?" ಮಹಾಂತೇಶ ಕೇಳಿದ.

"ಎರಡ ವಾರದಿಂದ ರಕ್ತಾ ಕೊಡಾಕ ಬಂದೋರನ್ನೆಲ್ಲಾ ನಂಬರ ಸಾಲದು ಅಂತ ತಿರಿಗಿ ಕಳಸಾಕತ್ತಾರಂತ. ಇವತ್ತ ನಮಗ ಫೋನ್ ಮಾಡಿ ರಕ್ತಾ ಕೇಳೋರಿದ್ರಂತ."

ಜಿನ್ನಪ್ಪ ಚಹಾದ ಲೋಟ ಕೆಳಗಿಟ್ಟ. "ಹೊಳಿ ಆಚಿಗೆ ನಮ್ಮ ಬೀಗರ ಊರು ಐತ್ರಿ. ಬಸದಿ ಸುತ್ತ ಹದಿನೆಂಟ ಮನಿ. ಅವರೂ ಡಬ್ಬಿ ನೋಡೋ ಮಂದೀನ. ಕರದ್ರ ಬರ್ತಾರ."

ಗಲಗಲಿ ಆಗಲೇ ಫೋನಿನಲ್ಲಿ ಎಂಟೂ ತೊಟ್ಟಿಗಳನ್ನು ನಿಲ್ಲಿಸಲು ಹೇಳಿ, ಜೀಪಿನ ಬೀಗದ ಕೈ ಹುಡುಕುತ್ತಿದ್ದರು.

ಮಟಮಟ ಮಧ್ಯಾಹ್ನ. ಗಲಗಲಿ ಜೀಪು ಓಡಿಸುತ್ತಿದ್ದರು, ಪಕ್ಕದಲ್ಲಿ ಜಿನ್ನಪ್ಪ, ಹಿಂದೆ ದಾಕ್ಷಾಯಣಿ. ಸೇತುವೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹಿಂಗಾರಿ ಜೋಳ. ಮೊಳಕಾಲೆತ್ತರ ಬೆಳೆದ ಜೋಳ ಕಡುಹಸಿರಾಗಿ ನಿಲ್ಲಬೇಕಾದ ಕಾಲ. ಎಲೆಗಳು ಹಾಳೆಯಂತೆ ಬಿಳಿಚಿದ್ದವು. ಪ್ರತಿ ಎಲೆಯಲ್ಲೂ ನರಗಳಷ್ಟೇ ಹಸಿರು, ಗೆರೆ ಎಳೆದ ಹಾಗೆ.

"ಈ ಹೊಲ ಯಾರದ್ರಿ?" ಎಂದು ಕೇಳಿದಳು.

"ನಮ್ದ ರೀ. ಈ ವರ್ಷ ಹಿಂಗಾಗ್ಯಾವು. ಔಷಧಿ ಅಂಗಡ್ಯಾಂವ ಕಬ್ಬಿಣದ ನೀರ ಹೊಡೀರಿ ಅಂದ. ಎರಡ ಸಲ ಹೊಡದ್ವಿ. ಹತ್ತಲಿಲ್ಲ."

"ಗೊಬ್ಬರ ಏನ ಹಾಕಿದ್ರಿ?"

ಜಿನ್ನಪ್ಪ ಗಲಗಲಿಯವರ ಕಡೆ ಗದ್ದ ಎತ್ತಿ ತೋರಿಸಿದ. "ಸಾಹೇಬ್ರ ಕೊಟ್ರಲ್ರಿ. ನಿಮ್ಮ ತೊಟ್ಟಿ ತಳದಾಗ ಉಳಿಯೂ ಕಾಕಂಬಿ ಗಸಿ ಅಂತ, ಕರೀದು. ಈ ದಂಡಿ ಹೊಲಕ್ಕೆಲ್ಲಾ ಅದನ್ನ ಹಾಕ್ಯಾರ. ನಮ್ಮ ಬೀಗರೂ ಎಂಟ ಗಾಡಿ ಒಯ್ದ್ರು."

ಗಲಗಲಿ ಆ್ಯಕ್ಸಿಲರೇಟರ್ ಮೇಲಿಂದ ಕಾಲು ತೆಗೆದರು. ಜೀಪು ನಿಧಾನಕ್ಕೆ ಉರುಳಿ ನಿಲ್ಲುವಂತಾಯಿತು. ಹೊಳೆಯವರೆಗೂ ಬಿಳಿಯ ಜೋಳ ಗಾಳಿಗೆ ಓಲಾಡುತ್ತಿತ್ತು.

"ನಿಲ್ಲಸಬ್ಯಾಡ್ರಿ ಸರ್," ಎಂದಳು ದಾಕ್ಷಾಯಣಿ. "ಸಂಜೀ ಒಳಗ ಎರಡ ಬಾಟ್ಲಿ ಬೇಕು."